ಬಟ್ಟಲಣಬೆಗಳ ವಂಶಾವಳಿ

ಶಿಲೀಂಧ್ರವೆಂಬ ಸಂಸ್ಕೃತ ಶಬ್ದವು ಇಂದು ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಇಡೀ ಜೀವಸಾಮ್ರಾಜ್ಯಕ್ಕೆ ಹೆಸರಾಗಿ ನಿಂತಿದೆ. ರೊಟ್ಟಿಯ ಮೇಲಣ ಬೂಷ್ಟು, ಹಿಟ್ಟನ್ನು ಉಬ್ಬಿಸುವ ಯೀಸ್ಟು, ಜೋಳದ ತೆನೆಗೆ ತಗಲುವ ಕಾಡಿಗೆ ರೋಗ, ಇವೆಲ್ಲವೂ ಆ ಸಾಮ್ರಾಜ್ಯದ ಪ್ರಜೆಗಳೇ. ಆದರೆ ಕಾಳಿದಾಸನ ಮೇಘದೂತದಲ್ಲಿ ಈ ಶಬ್ದವು ಬರುವಾಗ ಅಲ್ಲಿರುವುದು ಮುಗಿಲಿನ ಮೊಳಗಿಗೆ ನೆಲವನ್ನೊಡೆದು ತಲೆಯೆತ್ತುವ ಮಳೆಗಾಲದ ಮೊಳಕೆಯ ಚಿತ್ರವೊಂದೇ. ಕಣ್ಣಿಗೆ ಕಾಣುವ ರೂಪದಿಂದ ಹೊರಟ ಶಬ್ದವು ಕಣ್ಣಿಗೆ ಕಾಣದ ಸಂಬಂಧದವರೆಗೆ ಬಂದು ನಿಂತಿದೆ. ಪ್ರಸ್ತುತ ಲೇಖನದ ವಿಷಯವೂ ಅಂಥದೇ ಒಂದು ಪಯಣ. ಕನ್ನಡ ಪಂಡಿತನಾದವನು ಅಣಬೆಯ ವಿಚಾರಕ್ಕೆ ಏಕೆ ಕೈಹಾಕಿದನೆಂದು ವಾಚಕರು ಶಂಕಿಸಬಹುದು. ಓಲೆಗರಿಯ ಗ್ರಂಥಗಳನ್ನು ಸಂಪಾದಿಸುವ ವಿಧಾನವನ್ನು ಬಲ್ಲವರಿಗೆ ಈ ವಿಷಯ ಪರಕೀಯವಲ್ಲವೆಂಬುದು ಮುಂದೆ ತಾನಾಗಿಯೇ ತಿಳಿಯುವುದು.

ಅಣಬೆಯೆಂದೊಡನೆ ನಮಗೆ ನೆನಪಾಗುವುದು ಕೊಡೆಯ ಆಕಾರ. ನಾಯಿಕೊಡೆಯೆಂಬ ಹೆಸರೇ ಇದಕ್ಕೆ ಸಾಕ್ಷಿ. ಆದರೆ ಕೊಡೆಯನ್ನು ತಿರುವಿಟ್ಟಂತೆ, ಬಾಯಿ ಮೇಲಾಗಿ ಅರಳುವ ಅಣಬೆಗಳೂ ಉಂಟು. ಇವನ್ನು ಇಲ್ಲಿ ಬಟ್ಟಲಣಬೆಗಳೆಂದು ಕರೆಯುತ್ತೇನೆ. ಕೆಲವು ಸಾಸಿವೆ ಕಾಳಿಗಿಂತ ಕಿರಿದು, ಕೆಲವು ಅಂಗೈಯಷ್ಟು ಅಗಲ. ಕೆಲವಕ್ಕೆ ಕಿತ್ತಳೆ ಸಿಪ್ಪೆಯ ಬಣ್ಣ, ಕೆಲವಕ್ಕೆ ಕುಂಕುಮದ ಕೆಂಪು, ಹಲವಕ್ಕೆ ಒದ್ದೆ ಮಣ್ಣಿನ ಕಂದು. ಬಟ್ಟಲಿನ ಒಳಮೈಯಲ್ಲಿ ಆಸ್ಕಸ್ ಎಂಬ ನೀಳವಾದ ಸಂಚಿಗಳು ಒತ್ತೊತ್ತಾಗಿ ನಿಂತಿರುತ್ತವೆ. ಒಂದೊಂದು ಸಂಚಿಯಲ್ಲಿ ಸಾಮಾನ್ಯವಾಗಿ ೮ ಬೀಜಾಣುಗಳು. ಒಳಗಿನ ನೀರಿನ ಒತ್ತಡ ಬಲಿತಾಗ ಸಂಚಿಯ ತುದಿ ತೆರೆದು ಬೀಜಾಣುಗಳು ಗಾಳಿಗೆ ಚಿಮ್ಮುತ್ತವೆ. ಬಲಿತ ದೊಡ್ಡ ಬಟ್ಟಲಿಗೆ ಉಸಿರು ತಾಗಿದರೆ ಸಾವಿರಾರು ಸಂಚಿಗಳು ಒಮ್ಮೆಗೇ ಬಿಚ್ಚಿ ಹೊಗೆಯಂಥ ಸಣ್ಣ ಮೋಡವೇಳುತ್ತದೆ. ಕಿವಿಗೊಟ್ಟರೆ ಸುಯ್ಯೆಂಬ ಸದ್ದೂ ಕೇಳಿಸುವುದುಂಟು.

ಇಂಥ ಜೀವಿಗಳನ್ನು ವಿಂಗಡಿಸುವ ಕೆಲಸ ಯೂರೋಪಿನಲ್ಲಿ ಬಹುಕಾಲದಿಂದ ನಡೆದಿದೆ. ಸ್ವೀಡನ್ನಿನ ಲಿನ್ನೇಯಸನ ೧೭೫೩ರ ಗ್ರಂಥದಲ್ಲಿಯೇ ಪೆಜಿಜಾ ಎಂಬ ಕುಲನಾಮವುಂಟು. ಬಟ್ಟಲಿನಂತಿರುವುದೆಲ್ಲ ಪೆಜಿಜಾ, ಇದು ಅಂದಿನ ಲಕ್ಷಣ. ಇದರ ಫಲವಾಗಿ, ಪುಟ್ಟ ಬಟ್ಟಲಿನಲ್ಲಿ ಮೊಟ್ಟೆಗಳಿಟ್ಟಂತೆ ತೋರುವ ಹಕ್ಕಿಗೂಡಿನ ಅಣಬೆಯನ್ನೂ ಆತನು ಪೆಜಿಜಾದ ಪಂಕ್ತಿಯಲ್ಲಿಯೇ ಕೂರಿಸಿದನು. ಅದು ನಿಜವಾಗಿ ಕೊಡೆಯಣಬೆಗಳ ನಂಟ. ಬಟ್ಟಲಣಬೆಗಳಿಗೂ ಅದಕ್ಕೂ ಬಹು ದೂರ. ಲಕ್ಷಣವನ್ನು ಸಡಿಲವಾಗಿ ಹೇಳಿದರೆ ಅತಿವ್ಯಾಪ್ತಿದೋಷ ಬರುತ್ತದೆಂದು ನಮ್ಮ ಶಾಸ್ತ್ರಕಾರರು ಎಚ್ಚರಿಸುವುದು ಇದನ್ನೇ. ಅನಂತರ ಪರ್ಸೂನ್, ಫ್ರೀಸ್ ಮೊದಲಾದವರು ಈ ವಿಂಗಡಣೆಯನ್ನು ವಿಸ್ತರಿಸಿದರು. ನಿಜವಾದ ತಿರುವು ಬಂದುದು ೧೮೮೫ರಲ್ಲಿ. ಫ್ರಾನ್ಸಿನ ಎಮಿಲ್ ಬೂದಿಯೆ ವೃತ್ತಿಯಿಂದ ಔಷಧ ವ್ಯಾಪಾರಿ. ಆತನು ಬಟ್ಟಲನ್ನು ಬಿಟ್ಟು ಸಂಚಿಯ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದನು. ಕೆಲವು ಸಂಚಿಗಳ ತುದಿಯಲ್ಲಿ ಕೀಲಿರುವ ಪುಟ್ಟ ಮುಚ್ಚಳವುಂಟು. ಬೀಜಾಣು ಚಿಮ್ಮುವಾಗ ಅದು ತೆರೆದುಕೊಳ್ಳುತ್ತದೆ. ಮಿಕ್ಕವುಗಳಲ್ಲಿ ಮುಚ್ಚಳವಿಲ್ಲ, ರಂಧ್ರ ಮಾತ್ರ. ಈ ಒಂದೇ ಭೇದದ ಮೇಲೆ ಆತನು ಬಟ್ಟಲಣಬೆಗಳನ್ನು ಎರಡಾಗಿ ಸೀಳಿದನು. ಮುಚ್ಚಳವುಳ್ಳವುಗಳ ಗಣಕ್ಕೆ ಇಂದು ಪೆಜಿಜೇಲ್ಸ್ ಎಂದು ಹೆಸರು. ಈ ಲೇಖನವು ಮುಖ್ಯವಾಗಿ ಆ ಗಣವನ್ನು ಕುರಿತದ್ದು.

ಬೂದಿಯೆಯ ತರುವಾಯವೂ ತೊಡಕುಗಳು ಉಳಿದವು. ಟ್ರಫಲ್ ಎಂಬ ಬಹುಬೆಲೆಯ ಖಾದ್ಯಶಿಲೀಂಧ್ರವು ಮಣ್ಣಿನೊಳಗೆ ಆಲೂಗಡ್ಡೆಯಂತೆ ಬೆಳೆಯುತ್ತದೆ. ಅದಕ್ಕೆ ಬಟ್ಟಲೂ ಇಲ್ಲ, ಬೀಜಾಣುವನ್ನು ಚಿಮ್ಮಿಸುವ ಶಕ್ತಿಯೂ ಇಲ್ಲ, ಸಂಚಿಗೆ ಮುಚ್ಚಳವೂ ಇಲ್ಲ. ಹಾಗಾದರೆ ಅದು ಯಾರ ಮನೆಯ ಕೂಸು? ಮಣ್ಣಿನಡಿಯ ಗೆಡ್ಡೆಗಳನ್ನೆಲ್ಲ ಒಟ್ಟುಮಾಡಿ ಟ್ಯೂಬರೇಲ್ಸ್ ಎಂಬ ಬೇರೊಂದು ಗಣವನ್ನೇ ಕಟ್ಟಲಾಗಿತ್ತು. ರೂಪವು ವಂಶದಿಂದ ಬಂದಿರಬಹುದು, ಬದುಕುವ ಪರಿಯಿಂದಲೂ ಬಂದಿರಬಹುದು. ಮೀನಿಗೂ ತಿಮಿಂಗಿಲಕ್ಕೂ ಒಂದೇ ಆಕಾರವಿರುವುದು ನೀರಿನ ಕಾರಣದಿಂದಲ್ಲದೆ ನಂಟಿನ ಕಾರಣದಿಂದಲ್ಲ. ಎರಡನ್ನೂ ಬೇರ್ಪಡಿಸುವ ಪ್ರಮಾಣವೊಂದು ಬೇಕಾಗಿತ್ತು. ಆ ಪ್ರಮಾಣವು ದೊರೆತದ್ದು ವಂಶವಾಹಿಗಳ ಅಧ್ಯಯನದಿಂದ.

ಇಲ್ಲಿ ನಮ್ಮ ಗ್ರಂಥಸಂಪಾದನೆಯ ಮಾತನ್ನು ಎತ್ತಿಕೊಳ್ಳುವುದು ಉಚಿತ. ಒಂದು ಕಾವ್ಯದ ಹತ್ತು ಪ್ರತಿಗಳು ದೊರೆತಿವೆಯೆನ್ನೋಣ. ಯಾವ ಪ್ರತಿ ಯಾವುದನ್ನು ನೋಡಿ ಬರೆದದ್ದು? ಓಲೆಯ ಉದ್ದಗಲವನ್ನೋ ಅಕ್ಷರದ ಅಂದವನ್ನೋ ನೋಡಿ ಇದನ್ನು ನಿರ್ಧರಿಸಲಾಗದು. ಸಂಪಾದಕನು ಹುಡುಕುವುದು ಸಮಾನವಾದ ತಪ್ಪುಗಳನ್ನು. ಒಬ್ಬ ಲಿಪಿಕಾರನು ಕಣ್ತಪ್ಪಿನಿಂದ ಒಂದು ಪಂಕ್ತಿಯನ್ನು ಬಿಟ್ಟನೆಂದರೆ ಅವನ ಪ್ರತಿಯನ್ನು ನೋಡಿ ಬರೆದವರೆಲ್ಲರಲ್ಲಿಯೂ ಆ ಪಂಕ್ತಿ ಇರುವುದಿಲ್ಲ. ಆದುದರಿಂದ ಅದೇ ಲೋಪವುಳ್ಳ ಮೂರು ಪ್ರತಿಗಳು ಒಂದೇ ಮಾತೃಕೆಯ ಸಂತಾನವೆಂದು ಊಹಿಸಬಹುದು. ಸರಿಯಾದ ಪಾಠ ಎಲ್ಲರಲ್ಲಿಯೂ ಇರಬಲ್ಲುದು, ಅದರಿಂದ ನಂಟು ತಿಳಿಯದು. ನಂಟನ್ನು ಹೇಳುವುದು ಹಂಚಿಕೊಂಡ ವ್ಯತ್ಯಾಸವೇ.

ಜೀವಕೋಶದೊಳಗಿನ ಡಿ.ಎನ್.ಎ. ಎಂಬುದೂ ಇಂಥ ಒಂದು ಗ್ರಂಥವೇ. ಅದರ ವರ್ಣಮಾಲೆಯಲ್ಲಿ ನಾಲ್ಕೇ ಅಕ್ಷರಗಳು. ಪ್ರತಿಯೊಂದು ತಲೆಮಾರಿನಲ್ಲಿಯೂ ಗ್ರಂಥವು ನಕಲಾಗುತ್ತದೆ. ಆಗೀಗ ಒಂದು ಅಕ್ಷರ ಬದಲಾಗುತ್ತದೆ, ಒಂದು ಬಿಟ್ಟುಹೋಗುತ್ತದೆ, ಒಂದು ಹೆಚ್ಚಾಗಿ ಸೇರುತ್ತದೆ. ಆ ವ್ಯತ್ಯಾಸವು ಮುಂದಿನ ಸಂತತಿಗೆಲ್ಲ ಸಾಗುತ್ತದೆ. ಬೇರೆ ಬೇರೆ ಅಣಬೆಗಳಿಂದ ಒಂದೇ ಅಧ್ಯಾಯವನ್ನು ತೆಗೆದು, ಸಾಲಿನ ಕೆಳಗೆ ಸಾಲಿಟ್ಟು ಹೋಲಿಸಿದರೆ ಪಾಠಾಂತರಗಳು ಎದ್ದು ಕಾಣುತ್ತವೆ. ಅವುಗಳಿಂದ ವಂಶವೃಕ್ಷವನ್ನು ಬರೆಯಬಹುದು.

ಯಾವ ಅಧ್ಯಾಯವನ್ನು ತೆಗೆಯಬೇಕು? ಜೀವಿಗಳೆಲ್ಲಕ್ಕೂ ಇರುವ, ಆದರೆ ಒಂದೇ ವೇಗದಲ್ಲಿ ಬದಲಾಗದ ಭಾಗಗಳುಳ್ಳ ಅಧ್ಯಾಯ ಬೇಕು. ಸಸಾರಜನಕವನ್ನು ತಯಾರಿಸುವ ರೈಬೋಸೋಮ್ ಎಂಬ ಯಂತ್ರದ ವಂಶವಾಹಿಗಳು ಈ ಕೆಲಸಕ್ಕೆ ಹೇಳಿಮಾಡಿಸಿದಂತಿವೆ. ಅವುಗಳಲ್ಲಿ ಕೆಲವು ಭಾಗಗಳು ಕೋಟ್ಯಂತರ ವರ್ಷಗಳಲ್ಲಿಯೂ ಅಲುಗಿಲ್ಲ. ದೂರದ ಸಂಬಂಧವನ್ನು ಅಳೆಯಲು ಅವು ತಕ್ಕವು. ನಡುನಡುವೆ ತೆರಪಿನಂತಿರುವ ಕೆಲವು ಭಾಗಗಳು ಬೇಗ ಬೇಗ ಬದಲಾಗುತ್ತವೆ. ಅಣ್ಣತಮ್ಮಂದಿರನ್ನು ಬೇರ್ಪಡಿಸಲು ಅವು ತಕ್ಕವು. ಈ ತೆರಪಿನ ಭಾಗವನ್ನೇ ೨೦೧೨ರಲ್ಲಿ ಶಿಲೀಂಧ್ರಗಳ ಗುರುತಿನ ಸಾರ್ವತ್ರಿಕ ಮುದ್ರೆಯಾಗಿ ಅಂಗೀಕರಿಸಬೇಕೆಂದು ವಿಜ್ಞಾನಿಗಳು ಸೂಚಿಸಿದರು. ಇದಕ್ಕೆಲ್ಲ ದಾರಿಮಾಡಿದ್ದು ಅಮೆರಿಕದ ಕ್ಯಾರಿ ಮುಲ್ಲಿಸ್ ೧೯೮೩ರಲ್ಲಿ ಕಂಡುಹಿಡಿದ ಪಾಲಿಮರೇಸ್ ಸರಪಣಿ ಕ್ರಿಯೆ. ಅದರಲ್ಲಿ ಡಿ.ಎನ್.ಎ.ಯ ಒಂದು ತುಣುಕು ಪ್ರತಿ ಸುತ್ತಿನಲ್ಲಿಯೂ ಎರಡಾಗುತ್ತದೆ. ೩೦ ಸುತ್ತುಗಳಿಗೆ ಒಂದು ಪ್ರತಿ ಲೆಕ್ಕದ ಪ್ರಕಾರ ೧೦೦ ಕೋಟಿಯನ್ನು ಮೀರುತ್ತದೆ. ಚದುರಂಗದ ಮನೆಗಳಲ್ಲಿ ಕಾಳನ್ನು ಇಮ್ಮಡಿಸುತ್ತ ಹೋದ ಕಥೆಯನ್ನು ಬಲ್ಲ ಬಾಲಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ೧೯೯೦ರಲ್ಲಿ ಶಿಲೀಂಧ್ರಗಳ ರೈಬೋಸೋಮ್ ಭಾಗವನ್ನು ಹೀಗೆ ವೃದ್ಧಿಸಲು ಬೇಕಾದ ಸಾಧನಗಳು ಪ್ರಕಟವಾದ ಮೇಲೆ, ಸಂಗ್ರಹಾಲಯದ ಪೊಟ್ಟಣದಲ್ಲಿ ದಶಕಗಳಿಂದ ಒಣಗಿ ಕುಳಿತಿದ್ದ ಅಣಬೆಯ ಚೂರೂ ಮಾತಾಡತೊಡಗಿತು.

ಅದು ಆಡಿದ ಮೊದಲ ದೊಡ್ಡ ಮಾತು ಟ್ರಫಲ್ಲುಗಳನ್ನು ಕುರಿತು. ೧೯೯೭ರಲ್ಲಿ ಅಮೆರಿಕದ ಓಡೊನೆಲ್ ಮತ್ತು ಸಂಗಡಿಗರು ಟ್ರಫಲ್, ಮೋರೆಲ್, ಹುಸಿ ಮೋರೆಲ್ಲುಗಳ ರೈಬೋಸೋಮ್ ಪಾಠಗಳನ್ನು ಹೋಲಿಸಿದರು. ಅದರಿಂದಲೂ ಮುಂದಿನ ಅಧ್ಯಯನಗಳಿಂದಲೂ ಸ್ಪಷ್ಟವಾದುದೇನೆಂದರೆ, ಮಣ್ಣಿನಡಿಯ ಗೆಡ್ಡೆಗಳು ಒಂದೇ ತಾಯಿಯ ಮಕ್ಕಳಲ್ಲ. ಬೆಲೆಬಾಳುವ ಟ್ಯೂಬರ್ ಒಂದು ಕವಲು. ಮರುಭೂಮಿಯ ಟ್ರಫಲ್ಲಾದ ಟೆರ್ಫೀಜಿಯಾ ಪೆಜಿಜಾದ ಕುಟುಂಬಕ್ಕೆ ಸೇರಿದ್ದು. ಜೀನಿಯಾ ಮತ್ತೊಂದು ಕುಟುಂಬದ್ದು. ಹೈಡ್ನೋಟ್ರಿಯಾ ಹುಸಿ ಮೋರೆಲ್ಲುಗಳ ಬಳಗದ್ದು. ಬಟ್ಟಲು ಮುಚ್ಚಿಕೊಂಡು ನೆಲದಡಿಗೆ ಇಳಿದುದು ಒಮ್ಮೆಯಲ್ಲ, ಪೆಜಿಜೇಲ್ಸ್ ಗಣವೊಂದರಲ್ಲಿಯೇ ಹತ್ತಕ್ಕೂ ಹೆಚ್ಚು ಸಲ, ಬೇರೆ ಬೇರೆ ಮನೆಗಳಲ್ಲಿ, ಒಬ್ಬರಿಗೊಬ್ಬರು ತಿಳಿಯದಂತೆ. ನೆಲದಡಿಯಲ್ಲಿ ಗಾಳಿಯಿಲ್ಲ, ಚಿಮ್ಮಿಸುವ ಸಂಚಿ ಅಲ್ಲಿ ನಿರುಪಯೋಗಿ. ಅದರ ಬದಲು ಕಂಪನ್ನು ಬೀರಿ ಹಂದಿ, ಅಳಿಲು ಮೊದಲಾದ ಪ್ರಾಣಿಗಳನ್ನು ಕರೆದು, ತಿನ್ನಿಸಿಕೊಂಡು, ಅವುಗಳ ಮಲದ ಮೂಲಕ ಬೀಜಾಣುಗಳನ್ನು ಹರಡುವುದು ಲಾಭಕರ. ಒಂದೇ ಬಗೆಯ ಬಾಳು ಹಲವರನ್ನು ಒಂದೇ ರೂಪಕ್ಕೆ ತಂದಿತು. ಟ್ಯೂಬರೇಲ್ಸ್ ಎಂಬ ಗಣ ಇದರಿಂದ ಇಲ್ಲವಾಯಿತು. ಇಲ್ಲೊಂದು ನ್ಯಾಯವಾದ ಮಾತನ್ನು ಸೇರಿಸಬೇಕು: ಅಮೆರಿಕದ ಜೇಮ್ಸ್ ಟ್ರಾಪ್ ಕೇವಲ ರೂಪಲಕ್ಷಣಗಳನ್ನು ನೋಡಿಯೇ ೧೯೭೯ರಲ್ಲಿ ಟ್ರಫಲ್ಲುಗಳನ್ನು ಪೆಜಿಜೇಲ್ಸ್ ಗಣಕ್ಕೆ ಸೇರಿಸಿದ್ದರು. ವಂಶವಾಹಿಯ ಸಾಕ್ಷ್ಯವು ಅವರಿಗೆ ರುಜುಹಾಕಿತು.

ಟ್ಯೂಬರ್ ಕುಲದ ಕಪ್ಪು ಟ್ರಫಲ್ಲಿನ ಸಮಗ್ರ ಗ್ರಂಥವನ್ನೇ ೨೦೧೦ರಲ್ಲಿ ಓದಿ ಮುಗಿಸಲಾಯಿತು. ಸುಮಾರು ೧೨ ಕೋಟಿ ೫೦ ಲಕ್ಷ ಅಕ್ಷರಗಳು. ವಂಶವಾಹಿಗಳು ಮಾತ್ರ ಸುಮಾರು ೭,೫೦೦. ಅರ್ಧಕ್ಕಿಂತ ಹೆಚ್ಚು ಭಾಗ ತನ್ನನ್ನು ತಾನೇ ನಕಲುಮಾಡಿಕೊಂಡು ಅಲ್ಲಲ್ಲಿ ಸೇರಿಕೊಂಡ ಅಲೆಮಾರಿ ತುಣುಕುಗಳು. ಸುಟ್ಟ ನೆಲದ ಮೇಲೆ ಏಳುವ ಪೈರೊನೀಮಾ ಎಂಬ ಪುಟ್ಟ ಬಟ್ಟಲಣಬೆಯ ಗ್ರಂಥ ೨೦೧೩ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು ೫ ಕೋಟಿ ಅಕ್ಷರಗಳು, ವಂಶವಾಹಿಗಳೋ ೧೩,೦೦೦ಕ್ಕೂ ಹೆಚ್ಚು. ಗಾತ್ರದಲ್ಲಿ ದೊಡ್ಡದಾದ ಗ್ರಂಥದಲ್ಲಿ ವಿಷಯ ಹೆಚ್ಚಿರಬೇಕೆಂಬ ನಿಯಮವಿಲ್ಲವೆಂಬುದನ್ನು ಅಧ್ಯಾಪಕ ಮಿತ್ರರು ಉತ್ತರಪತ್ರಿಕೆಗಳಲ್ಲಿ ಕಂಡೇ ಇದ್ದಾರೆ.

ಇನ್ನು ಪೆಜಿಜಾದ ಕಥೆ. ಲಿನ್ನೇಯಸನ ಕಾಲದಿಂದ ಬಂದ ಈ ಹೆಸರು ಎಷ್ಟೋ ಸಲ ಸೋಸಿಹೋಗಿದ್ದರೂ ಇನ್ನೂ ಒಂದೇ ಕುಲವಾಗಿ ಉಳಿದಿರಲಿಲ್ಲ. ಹ್ಯಾನ್ಸೆನ್, ಫಿಸ್ಟರ್ ಮೊದಲಾದವರು ೨೦೦೧ರಲ್ಲಿಯೂ, ಮೂರು ವಂಶವಾಹಿಗಳನ್ನು ಒಟ್ಟಿಗಿಟ್ಟು ೨೦೦೫ರಲ್ಲಿಯೂ ಪರೀಕ್ಷಿಸಿದಾಗ, ಪೆಜಿಜಾ ಎನಿಸಿಕೊಂಡವುಗಳು ಕುಟುಂಬದ ಹಲವು ಕವಲುಗಳಲ್ಲಿ ಚದುರಿರುವುದು ಕಂಡಿತು. ಬೇರೆ ಕುಲಗಳವು ನಡುವೆ ಬಂದು ಕೂತಿದ್ದವು. ಆದುದರಿಂದ ಆ ಹಳೆಯ ಮನೆಯನ್ನು ಈಚೆಗೆ ಪಾಲುಮಾಡಲಾಗಿದೆ. ಕಾಡಿನ ಹಾದಿಗಳಲ್ಲಿ ಯೂರೋಪಿಯನ್ನರಿಗೆ ಚಿರಪರಿಚಿತವಾಗಿದ್ದ ಪೆಜಿಜಾ ಬ್ಯಾಡಿಯಾ ೨೦೨೦ರಿಂದ ಲೆಗಾಲಿಯಾನಾ ಬ್ಯಾಡಿಯಾ ಎನಿಸಿದೆ. ಫ್ರಾನ್ಸಿನ ವಿದುಷಿ ಮಾರ್ಸೆಲ್ ಲ ಗಾಲ್ ಅವರ ಹೆಸರಿನಿಂದ ಬಂದ ಕುಲನಾಮವಿದು. ಹೆಸರು ಹೀಗೆ ಬದಲಾಗುತ್ತಿದ್ದರೆ ಕಲಿಸುವವನ ಗತಿಯೇನು ಎಂದು ಗೊಣಗುವವರುಂಟು. ಆ ಗೊಣಗಿನಲ್ಲಿ ಸತ್ಯವೂ ಉಂಟು. ಆದರೆ ತಪ್ಪೆಂದು ತಿಳಿದ ಪಾಠವನ್ನು ರೂಢಿಯ ಕಾರಣಕ್ಕಾಗಿ ಮೂಲದಲ್ಲಿಯೇ ಉಳಿಸಿಕೊಳ್ಳುವ ಸಂಪಾದಕನನ್ನು ನಾವು ಮೆಚ್ಚುವುದಿಲ್ಲ.

ನನಗೆ ಅತ್ಯಂತ ರುಚಿಸಿದ ದೃಷ್ಟಾಂತವು ಕೋರಿಯಾಕ್ಟಿಸ್ ಗೀಯಾಸ್ಟರ್ ಎಂಬ ಅಣಬೆಯದು. ೧೮೯೩ರಲ್ಲಿ ಅಮೆರಿಕದ ಟೆಕ್ಸಸ್ ಸೀಮೆಯ ಆಸ್ಟಿನ್ ನಗರದಲ್ಲಿ ಇದು ಮೊದಲು ಸಂಗ್ರಹವಾಯಿತು. ಎಳೆಯದಾಗಿದ್ದಾಗ ಕಂದು ಬಣ್ಣದ ಚುಟ್ಟಾದಂತಿರುತ್ತದೆ. ಬಲಿತಾಗ ತುದಿಯಿಂದ ಸೀಳಿ ನಕ್ಷತ್ರದಂತೆ ಅರಳುತ್ತದೆ, ಸುಯ್ಯೆಂದು ಬೀಜಾಣುಗಳ ಹೊಗೆಯನ್ನು ಬಿಡುತ್ತದೆ. ಅಲ್ಲಿನ ಜನ ಇದನ್ನು ಸೈತಾನನ ಚುಟ್ಟಾ ಎನ್ನುತ್ತಾರೆ. ಅದು ಬೆಳೆಯುವುದು ಒಂದು ಜಾತಿಯ ಎಲ್ಮ್ ಮರದ ಸತ್ತ ಬೊಡ್ಡೆಗಳ ಬಳಿ. ಹೀಗಿರಲು ೧೯೩೭ರಲ್ಲಿ ಅದೇ ಅಣಬೆ ಜಪಾನಿನ ಕ್ಯೂಷು ದ್ವೀಪದಲ್ಲಿ ದೊರೆಯಿತು! ಅಲ್ಲಿ ಅದಕ್ಕೆ ಆಶ್ರಯ ಸತ್ತ ಓಕ್ ಮರಗಳು. ಜಪಾನೀಯರು ಅದನ್ನು ಕಿರಿನೊಮಿತಾಕೆ, ಎಂದರೆ ಕಿರಿ ಮರದ ಕಾಯಿಯಂಥ ಅಣಬೆ, ಎಂದು ಕರೆದರು. ಸೈತಾನನಿಗಿಂತ ಇದು ಸೌಮ್ಯವಾದ ಹೆಸರು. ನಡುವಿನ ಸಾವಿರಾರು ಮೈಲಿಗಳ ಭೂಮಿಯಲ್ಲಿಯೂ ಸಾಗರದ ದ್ವೀಪಗಳಲ್ಲಿಯೂ ಅದರ ಸುಳಿವಿಲ್ಲ.

ಇದು ಹೇಗೆ ಸಂಭವಿಸಿತು? ಹಡಗಿನ ಮರದೊಡನೆ ಯಾರೋ ಒಯ್ದರೆ? ಬೀಜಾಣು ಗಾಳಿಯಲ್ಲಿ ತೇಲಿ ಹೋಯಿತೆ? ರೂಪವನ್ನು ಎಷ್ಟು ದಿಟ್ಟಿಸಿದರೂ ಉತ್ತರ ಬಾರದು, ಏಕೆಂದರೆ ಎರಡೂ ಕಡೆಯದು ನೋಡಲು ಒಂದೇ. ೨೦೦೪ರಲ್ಲಿ ಹಾರ್ವರ್ಡಿನ ಫಿಸ್ಟರ್ ಮತ್ತು ಸಂಗಡಿಗರು ಎರಡು ದೇಶಗಳ ಮಾದರಿಗಳ ರೈಬೋಸೋಮ್ ಭಾಗಗಳನ್ನು ಹೋಲಿಸಿದರು. ಈಚೆಗೆ ಹೊರಟುಹೋದ ಪ್ರತಿಯಾಗಿದ್ದರೆ ಪಾಠಾಂತರಗಳು ಇಲ್ಲದಿರಬೇಕಾಗಿತ್ತು. ಇದ್ದುವು, ಅದೂ ಗಣನೀಯವಾಗಿ. ಎರಡೂ ಕವಲುಗಳು ಅಗಲಿ ಕನಿಷ್ಠ ೧ ಕೋಟಿ ೯೦ ಲಕ್ಷ ವರ್ಷಗಳಾಗಿರಬೇಕೆಂದು ಅವರು ಗಣಿಸಿದರು. ಮನುಷ್ಯನು ಇನ್ನೂ ಹುಟ್ಟಿರದ ಕಾಲವದು. ಅಮೆರಿಕದ ಪೂರ್ವಭಾಗದ ಸಸ್ಯಗಳಿಗೂ ಜಪಾನಿನ ಸಸ್ಯಗಳಿಗೂ ಇರುವ ವಿಚಿತ್ರವಾದ ಹೋಲಿಕೆಯನ್ನು ಅದೇ ಹಾರ್ವರ್ಡಿನ ಏಸಾ ಗ್ರೇ ೧೮೫೯ರಲ್ಲಿ ಎತ್ತಿ ತೋರಿಸಿದ್ದನು. ಒಂದು ಕಾಲಕ್ಕೆ ಉತ್ತರದಲ್ಲಿ ಹಬ್ಬಿದ್ದ ಅಖಂಡ ಅರಣ್ಯದ ಹರಿದ ಚೂರುಗಳು ಇವೆಂಬುದು ಇಂದಿನ ತಿಳಿವಳಿಕೆ. ಅಣಬೆಯೂ ಆ ಹಳೆಯ ಅರಣ್ಯದ ಪಳೆಯುಳಿಕೆಯೆಂದು ತೋರುತ್ತದೆ. ಈ ಅಣಬೆಯನ್ನು ಯಾವ ಕುಟುಂಬಕ್ಕೆ ಸೇರಿಸಬೇಕೆಂಬ ಬಗ್ಗೆ ಒಂದು ಶತಮಾನ ಕಾಲ ಚರ್ಚೆ ನಡೆದಿತ್ತು. ೨೦೦೮ರಲ್ಲಿ ವಂಶವಾಹಿಗಳ ಆಧಾರದ ಮೇಲೆ ಅದನ್ನೂ ಅದರ ಕೆಲವು ನಂಟರನ್ನೂ ಸೇರಿಸಿ ಪ್ರತ್ಯೇಕ ಕುಟುಂಬವನ್ನೇ ಸ್ಥಾಪಿಸಲಾಯಿತು.

ವರ್ಷಗಳ ಈ ಎಣಿಕೆಯನ್ನು ಪಂಚಾಂಗದ ಎಣಿಕೆಯಂತೆ ತಿಳಿಯತಕ್ಕದ್ದಲ್ಲ. ಅಕ್ಷರಗಳು ಬದಲಾಗುವ ವೇಗ ಒಂದು ಬಗೆಯ ಗಡಿಯಾರ. ಆದರೆ ಅದರ ಮುಳ್ಳನ್ನು ಸರಿಪಡಿಸಲು ಕಾಲ ತಿಳಿದ ಪಳೆಯುಳಿಕೆ ಬೇಕು. ಬಟ್ಟಲಣಬೆಗಳು ಮೃದುಕಾಯಗಳು, ಅವುಗಳ ಪಳೆಯುಳಿಕೆ ಬಹು ವಿರಳ. ಸ್ಕಾಟ್ಲೆಂಡಿನ ರೈನೀ ಶಿಲೆಯಲ್ಲಿ ದೊರೆತ ಸುಮಾರು ೪೦ ಕೋಟಿ ವರ್ಷಗಳ ಹಿಂದಿನ ಸಂಚಿಶಿಲೀಂಧ್ರದಂಥ ಒಂದೆರಡು ಸಾಕ್ಷಿಗಳ ಮೇಲೆ ಎಷ್ಟೋ ಲೆಕ್ಕಗಳು ನಿಂತಿವೆ. ಶಾಸನದ ಆಧಾರವಿಲ್ಲದ ಕವಿಕಾಲನಿರ್ಣಯವನ್ನು ನಾವು ಹೇಗೆ ಎಚ್ಚರದಿಂದ ಓದುತ್ತೇವೆಯೋ ಇದನ್ನೂ ಹಾಗೆಯೇ ಓದಬೇಕು.

ಈ ಪಾಂಡಿತ್ಯದಿಂದ ಲೋಕಕ್ಕೇನು ಪ್ರಯೋಜನವೆಂದು ಕೇಳುವವರಿಗೆ ಮೋರೆಲ್ಲಿನ ಉದಾಹರಣೆ ಸಾಕು. ಹಿಮಾಚಲ, ಕಾಶ್ಮೀರ, ಉತ್ತರಾಖಂಡಗಳ ಜನ ಹಿಮ ಕರಗುವ ಋತುವಿನಲ್ಲಿ ಕಾಡಿನಲ್ಲಿ ಅರಸುವ ಗುಚ್ಛಿಯೇ ಮೋರೆಲ್. ಇದೂ ಪೆಜಿಜೇಲ್ಸ್ ಗಣದ್ದೇ. ತಲೆಯ ಮೇಲಣ ಒಂದೊಂದು ಕುಳಿಯೂ ಒಂದೊಂದು ಬಟ್ಟಲೆಂದು ಬಗೆಯಬಹುದು. ಇದನ್ನೇ ಹೋಲುವ ಗೈರೊಮಿತ್ರ ಎಂಬ ಹುಸಿ ಮೋರೆಲ್ ಯೂರೋಪಿನಲ್ಲಿ ಹಲವರ ಪ್ರಾಣವನ್ನು ತೆಗೆದಿದೆ. ಅದರ ವಿಷವು ದೇಹದಲ್ಲಿ ಮಾರ್ಪಟ್ಟು ಉಂಟಾಗುವ ವಸ್ತುವನ್ನು ರಾಕೆಟ್ಟುಗಳಿಗೆ ಇಂಧನವಾಗಿ ಬಳಸುತ್ತಾರೆಂದರೆ ಅದರ ಉಗ್ರತೆ ತಿಳಿದೀತು. ಗುಚ್ಛಿಯ ತಲೆಯಲ್ಲಿ ಜೇನುಗೂಡಿನಂಥ ಕುಳಿಗಳು, ಹುಸಿಯದರಲ್ಲಿ ಮಿದುಳಿನಂಥ ಮಡಿಕೆಗಳು. ವಂಶವೃಕ್ಷದಲ್ಲಿ ಎರಡೂ ನೆರೆಮನೆಯ ಕುಟುಂಬಗಳಾಗಿವೆಯೆಂಬುದು ಇಲ್ಲಿನ ಸ್ವಾರಸ್ಯ. ಗೈರೊಮಿತ್ರಗಳಲ್ಲಿಯೂ ವಿಷವು ಕೆಲವು ಕವಲುಗಳಲ್ಲಿ ಮಾತ್ರವಿದೆಯೆಂದು ೨೦೨೩ರಲ್ಲಿ ಪ್ರಕಟವಾದ ಶೋಧನೆ ತಿಳಿಸುತ್ತದೆ. ಇದನ್ನು ಓದಿ ಯಾರೂ ರುಚಿನೋಡಲು ಹೊರಡಬಾರದು. ಗುಚ್ಛಿಯನ್ನೂ ಹಸಿಯಾಗಿ ತಿಂದರೆ ಕೆಡುಕಾಗುತ್ತದೆ. ಇನ್ನೊಂದು ಮಾತು. ಮೋರೆಲ್ಲುಗಳ ಬಹುಪಾಲು ಪ್ರಭೇದಗಳು ತಮ್ಮ ತಮ್ಮ ಖಂಡವನ್ನು ಬಿಟ್ಟು ಕದಲಿಲ್ಲವೆಂದು ೨೦೧೧ರ ಅಧ್ಯಯನವು ತೋರಿಸಿತು. ಅಮೆರಿಕದ ಮೋರೆಲ್ಲುಗಳಿಗೆ ಇಟ್ಟಿದ್ದ ಯೂರೋಪಿನ ಹೆಸರುಗಳು ಅನೇಕವು ಹೊಂದದೆ ಹೋದವು. ನಮ್ಮ ಗುಚ್ಛಿಗೂ ಯೂರೋಪಿನ ಹೆಸರುಗಳನ್ನೇ ಹಚ್ಚುವ ರೂಢಿಯಿದೆ. ಅವನ್ನೂ ಹೀಗೆಯೇ ಒರೆಗೆ ಹಚ್ಚಬೇಕು.

ಒಂದೇ ಜೀವಿಗೆ ಎರಡು ಹೆಸರಿರುವ ವಿಚಿತ್ರವೂ ಈ ಶಾಸ್ತ್ರದಲ್ಲಿತ್ತು. ಆರ್ತ್ರೊಬಾಟ್ರಿಸ್ ಎಂಬುದು ಎಳೆಗಳ ಬಲೆಬೀಸಿ ಮಣ್ಣಿನ ಸೂಕ್ಷ್ಮ ಹುಳುಗಳನ್ನು ಹಿಡಿದು ತಿನ್ನುವ ಬೂಷ್ಟು. ಆರ್ಬಿಲಿಯಾ ಎಂಬುದು ಮೇಣದಂತೆ ಹೊಳೆಯುವ ಅತಿ ಸಣ್ಣ ಬಟ್ಟಲಣಬೆ. ಬೇಟೆಗಾರ ಬೂಷ್ಟುಗಳು ಇಂಥ ಬಟ್ಟಲುಗಳ ಇನ್ನೊಂದು ಅವತಾರವೆಂಬುದಕ್ಕೆ ೧೯೯೪ರಲ್ಲಿ ಫಿಸ್ಟರ್ ಒಂದು ಪ್ರಭೇದದಲ್ಲಿ ಸಾಕ್ಷಿ ಕೊಟ್ಟರು. ಬೂದಿಯೆಯ ಲೆಕ್ಕದಲ್ಲಿ ಇದು ಮುಚ್ಚಳವಿಲ್ಲದ ಗುಂಪಿನದು. ವಂಶವಾಹಿಗಳನ್ನು ನೋಡಿದರೆ ಆ ಗುಂಪಿನ ಮಿಕ್ಕವರಿಂದ ಬಹು ಹಿಂದೆಯೇ ಬೇರೆಯಾದ ಕವಲು. ೨೦೧೧ರಲ್ಲಿ ಮೆಲ್ಬೋರ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನವು ಒಂದು ಶಿಲೀಂಧ್ರಕ್ಕೆ ಒಂದೇ ಹೆಸರೆಂದು ವಿಧಿಸಿತು.

ಹಾಗಾದರೆ ಬೂದಿಯೆಯ ಶ್ರಮ ವ್ಯರ್ಥವಾಯಿತೆ? ಖಂಡಿತ ಇಲ್ಲ. ಮುಚ್ಚಳವಿಲ್ಲದವುಗಳ ಗುಂಪು ಒಡೆಯಿತು ನಿಜ. ಮುಚ್ಚಳವುಳ್ಳವು ಮಾತ್ರ, ಮುಚ್ಚಳವನ್ನು ಕಳೆದುಕೊಂಡ ಟ್ರಫಲ್ಲುಗಳನ್ನೂ ಕೂಡಿಕೊಂಡು, ಒಂದೇ ವಂಶವಾಗಿ ನಿಂತಿವೆ. ಈ ವಂಶದೊಳಗೆ ಮೂರು ಮುಖ್ಯ ಕವಲುಗಳನ್ನು ೨೦೦೬ರಲ್ಲಿ ಹ್ಯಾನ್ಸೆನ್ ಮತ್ತು ಫಿಸ್ಟರ್ ಗುರುತಿಸಿದರು. ಅವುಗಳಲ್ಲಿ ಪೆಜಿಜಾ ಇರುವ ಕವಲಿನ ಬಹುಪಾಲು ಅಣಬೆಗಳ ಸಂಚಿ ಅಯೋಡಿನ್ ತಾಗಿದರೆ ನೀಲಿಯಾಗುತ್ತದೆ; ಇದನ್ನೂ ಹಿಂದಿನವರೇ ಕಂಡಿದ್ದರು. ವಂಶವಾಹಿಗಳ ಓದಿನಲ್ಲಿಯೂ ಮೋಸಗಳುಂಟು. ಪ ಮತ್ತು ವ ಅಕ್ಷರಗಳನ್ನು ಗೊಂದಲಿಸುವ ತಪ್ಪು ಸಂಬಂಧವಿಲ್ಲದ ಇಬ್ಬರು ಲಿಪಿಕಾರರಲ್ಲಿ ಸ್ವತಂತ್ರವಾಗಿ ಬರಬಹುದು. ನಾಲ್ಕೇ ಅಕ್ಷರಗಳ ಗ್ರಂಥದಲ್ಲಿ ಇದು ಇನ್ನೂ ಸುಲಭ. ಎರಡು ಮಾತೃಕೆಗಳನ್ನು ಕಲಸಿ ಬರೆದ ಪ್ರತಿಯಂತೆ ಎರಡು ಪ್ರಭೇದಗಳು ಬೆರೆತ ಸಂತತಿಯೂ ಇರಬಹುದು. ಆದುದರಿಂದಲೇ ಒಂದು ಅಧ್ಯಾಯವನ್ನು ನಂಬದೆ ಹಲವನ್ನು ಓದುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಅಕ್ಷರಗಳನ್ನು ಎಣಿಸುವ ಯಂತ್ರಕ್ಕೆ ಅದು ಯಾವ ಅಣಬೆಯೆಂದು ತಿಳಿಯದು. ಅದನ್ನು ಹೇಳಬೇಕಾದವನು ಕಣ್ಣುಳ್ಳ ಮನುಷ್ಯನೇ.

ಭಾರತದಲ್ಲಿ ಈ ಕಣ್ಣಿನ ಕೆಲಸವನ್ನು ೧೯೫೦ರ ದಶಕದಲ್ಲಿ ಪಂಜಾಬ್ ವಿಶ್ವವಿದ್ಯಾಲಯದ ಕೆ.ಎಸ್. ಥಿಂಡ್ ಅವರೂ ಅವರ ಶಿಷ್ಯರೂ ಮಸ್ಸೂರಿಯ ಬೆಟ್ಟಗಳಲ್ಲಿ ಮಾಡಿದರು. ನಮ್ಮ ಪಶ್ಚಿಮ ಘಟ್ಟಗಳ ಕಾಡಿನಲ್ಲಿಯೂ ಮಳೆ ಹಿಡಿದ ಮೇಲೆ ಕೊಳೆತ ಕೊಂಬೆಗಳ ಮೇಲೆ ಕುಕಿಯಾನಾ ಎಂಬ ಬಟ್ಟಲಣಬೆ ಏಳುತ್ತದೆ. ತೊಟ್ಟಿನ ಮೇಲೆ ನಿಂತ ಗುಲಾಬಿ ಬಣ್ಣದ ಪುಟ್ಟ ಲೋಟ, ಕೆಲವಕ್ಕೆ ಮೈತುಂಬ ಬಿಳಿಯ ರೋಮ. ಮಲೆನಾಡಿನ ಕಡೆಯ ವಿದ್ಯಾರ್ಥಿಯೊಬ್ಬನು ಅದನ್ನು ತಂದು ಅಧ್ಯಾಪಕರ ಮೇಜಿನ ಮೇಲಿಟ್ಟರೆ, ದೊರೆತ ಸ್ಥಳ, ದಿನಾಂಕ, ಯಾವ ಮರದ ಕೊಂಬೆ, ಹಸಿಯಾಗಿದ್ದಾಗಿನ ಬಣ್ಣ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಡಬೇಕು. ಬಣ್ಣವು ಒಣಗಿದಾಗ ಮಾಸಿಹೋಗುತ್ತದೆ, ಆದುದರಿಂದ ಅದನ್ನು ಮೊದಲು ಬರೆಯುವುದು ಲೇಸು. ಆಮೇಲೆ ಅಣಬೆಯನ್ನು ಬೇಯಿಸುವಷ್ಟು ಕಾಯಿಸದೆ, ಹದವಾದ ಬಿಸುಪಿನಲ್ಲಿ ಬೇಗ ಒಣಗಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕದೆ ಕಾಗದದ ಪೊಟ್ಟಣದಲ್ಲಿ ಚೀಟಿಯೊಡನೆ ಕಟ್ಟಿಡಬೇಕು. ಒದ್ದೆಯೂ ಹುಳುವೂ ಸೋಂಕದಿದ್ದರೆ ಅದರೊಳಗಿನ ಗ್ರಂಥವನ್ನು ಹಲವು ದಶಕಗಳ ಅನಂತರವೂ ಓದಬಹುದು.